ಬೀಗಿತ್ತಿಯ ಜೊತೆ ಬೆಟ್ಟದ ದಾರಿ

ಮೇ 9, ಬೆಳಿಗ್ಗೆ

ಮತ್ತೆ ಕಾರು ನಿಂತಿದೆ. ಬೀಗಿತ್ತಿ ರಸ್ತೆಯಾಚೆ ಯಾರದೋ ಮನೆಯ ಕಿಟಕಿಯ ಮುಂದೆ ಕತ್ತು ಉದ್ದ ಮಾಡಿ ನಿಂತಿದ್ದಾರೆ. ಪರದೆ ನೋಡಲು. ಕಸುಬೇ ಅದು — ಪರದೆ ಹೊಲಿಯುವ ಅಂಗಡಿ. ಯಾವ ಊರಿಗೆ ಹೋದರೂ ಅವರಿಗೆ ಮೊದಲು ಕಿಟಕಿ, ಆಮೇಲೆ ಕೋಟೆ. ನನಗೋ ಗೋಡೆಯ ಮೇಲೆ ನಾಲ್ಕು ಅಕ್ಷರ ಕೆತ್ತಿದ್ದರೆ ಸಾಕು, ಓದಿಯೇ ತೀರಬೇಕು.

ಬಂದು ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾ: "ನೆರಿಗೆ ಕಮ್ಮಿ ಮಾಡಿದ್ದಾರೆ. ಜುಗ್ಗರು."

"ಮನೆಯವರು ನೋಡಿದ್ರೆ?"

"ನೋಡಿದ್ರು. ಕೈ ಬೀಸಿದ್ರು. ನಾನೂ ಬೀಸ್ದೆ."

ಬರುವ ಡಿಸೆಂಬರಿನಲ್ಲಿ ನನ್ನ ಮಗಳಿಗೂ ಅವರ ಮಗನಿಗೂ ಮದುವೆ. 'ನೀವಿಬ್ಬರೂ ರಜೆಯಲ್ಲಿ ಎಲ್ಲಾದರೂ ಸುತ್ತಿ ಬನ್ನಿ, ಪರಿಚಯ ಆಗುತ್ತೆ' ಎಂದದ್ದು ಮಕ್ಕಳೇ. ಕಾರು ಅವರದು, ಓಡಿಸುವವರೂ ಅವರೇ. ನನ್ನ ಪಾಲಿಗೆ ಮ್ಯಾಪು, ಫ್ಲಾಸ್ಕು, ಒಂದು ಕವನ ಸಂಕಲನ. ಹೊರಡುವಾಗ ಒಳಗೊಳಗೇ ಅಳುಕು. ಎರಡು ವಾರ ಏನು ಮಾತಾಡುವುದು?

ಮೇ 10, ಸಂಜೆ

ಇವತ್ತಿನ ಊರು ಬೆಟ್ಟದ ಬೆನ್ನಿಗೆ ಅಂಟಿಕೊಂಡಿದೆ. ರಸ್ತೆ ಎಂದರೆ ಮೆಟ್ಟಿಲು. ಒಬ್ಬರ ಮನೆಯ ತಾರಸಿಯೇ ಮೇಲಿನವರ ಅಂಗಳ. ಹಳೆಯ ಊರಬಾಗಿಲ ಹಾಸುಗಲ್ಲಿನಲ್ಲಿ ಗಾಡಿಯ ಚಕ್ರ ಉಜ್ಜಿ ಉಜ್ಜಿ ಹಳ್ಳ ಬಿದ್ದಿದೆ. ಬೆರಳಿಟ್ಟು ನೋಡಿದೆ. ನುಣುಪು. ಏನೇನು ಹೇರಿಕೊಂಡು ಬಂದವೋ. ಒಂದು ಕಡೆಯ ಹಳ್ಳ ಹೆಚ್ಚು ಆಳ — ಯಾಕಿರಬಹುದು? ಕಾವಲಿನವರನ್ನು ಕೇಳಿದೆ. "ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲಮ್ಮ" ಎಂದು ಅವರೂ ಬಗ್ಗಿ ನೋಡತೊಡಗಿದರು.

ದಾರಿಯಲ್ಲಿ ಬೀಗಿತ್ತಿ, "ಅದೇನು ಮನಸ್ಸಲ್ಲೇ ಓದ್ತೀರಿ, ಜೋರಾಗಿ ಓದಿ" ಎಂದರು. ಓದಿದೆ. ಪುಟ್ಟ ಕವಿತೆ. ಅವರು ಒಂದು ತಿರುವು ದಾಟಿಸಿದರು. ಆಮೇಲೆ ಪುಟದ ಕಡೆ ಓರೆಗಣ್ಣು: "ಇಷ್ಟಕ್ಕೆ ಸುತ್ತ ಅಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ. ಬಟ್ಟೆಯಲ್ಲಿ ಹೀಗೆ ಮಾಡಿದ್ರೆ ಗಿರಾಕಿ ನನ್ನ ಜನ್ಮ ಜಾಲಾಡ್ತಿದ್ರು."

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. "ಇರ್ಲಿ, ಇನ್ನೊಂದು ಓದಿ" ಎಂದರು.

ಎಂ.ಎ. ಓದಿದ್ದಾಯಿತು, ಕಾಲೇಜಿನ ಲೈಬ್ರರಿಯಲ್ಲಿ ತಲೆ ನರೆಯಿತು. 'ಇನ್ನೊಂದು ಓದಿ' ಎಂದವರು ಮತ್ತೊಬ್ಬರು ನೆನಪಾಗುತ್ತಿಲ್ಲ.

ಮೇ 12, ಮಧ್ಯಾಹ್ನ

ಮಗಳ ಫೋನು. ಸಿಗ್ನಲ್ ಸಿಗಲೆಂದು ಲಾಡ್ಜಿನ ತಾರಸಿ ಹತ್ತಿದೆ.

ಮದುವೆ ಬೇಡ ಅಂತ ಆಯಿತಂತೆ. ಜಗಳವಿಲ್ಲ, ಮೋಸವಿಲ್ಲ. ಇಬ್ಬರೂ ಕೂತು ಮಾತಾಡಿದ್ದಾರೆ. ಜೊತೆಗೆ ಬಾಳುವಷ್ಟು ಇಲ್ಲ ಅನ್ನಿಸಿದೆ.

"ನೀವು ವಾಪಸ್ ಬಂದ್ಮೇಲೆ ಹೇಳೋಣ ಅಂತಿದ್ವಿ. ನನ್ನ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲಮ್ಮ. ಆಂಟಿಗೆ ನೀನು ಹೇಳ್ಬೇಡ. ಅವನೇ ಹೇಳ್ತಾನೆ."

"ಅಳ್ತಿದ್ದೀಯಾ?"

"ಇಲ್ಲ. ಅದು ಹೋದ ವಾರವೇ ಮುಗೀತು."

ಹೋದ ವಾರ. ಎದುರಿಗೇ ಕೂತು ನನ್ನ ಬ್ಯಾಗಿಗೆ ಬಟ್ಟೆ ಮಡಿಸಿಟ್ಟವಳು. ನನಗೆ ತಿಳಿಯಲಿಲ್ಲ.

ಕೆಳಗೆ ಬೀಗಿತ್ತಿ — ಈಗ ಹಾಗೆ ಬರೆಯಬಹುದೋ ಇಲ್ಲವೋ — ಕಾರಿನ ಗಾಜು ಒರೆಸುತ್ತಿದ್ದರು. ನಾನು ಕೂರುವ ಕಡೆಯದನ್ನು ಬಾಯಿಂದ ಹಬೆ ಬಿಟ್ಟು ಬಿಟ್ಟು.

ಹೇಳಿದರೆ ಪ್ರವಾಸ ಇಲ್ಲಿಗೇ ಮುಗಿಯಿತು. ಮುರಿದ ಸಂಬಂಧದ ಎರಡು ಕಡೆಯವರು ಒಂದೇ ಕಾರಿನಲ್ಲಿ ಊರು ನೋಡುತ್ತಾರೆಯೇ? ಆಮೇಲೆ ಮಾರ್ಕೆಟ್ಟಿನಲ್ಲಿ ಸಿಕ್ಕರೂ ಇಬ್ಬರೂ ಬೇರೆ ಕಡೆ ನೋಡಬೇಕು. ಈ ವಯಸ್ಸಿನಲ್ಲಿ ಇನ್ನೊಬ್ಬರು ಸಿಗುವುದು ಎಲ್ಲಿಂದ?

ಮಗಳ ಮದುವೆ ಮುರಿದಿದೆ, ನನಗೆ ಜೊತೆ ತಪ್ಪುವ ಚಿಂತೆ. ಎಂಥ ತಾಯಿಯೋ.

ಹೇಳಲಿಲ್ಲ.

ಮೇ 15, ಬೆಳಿಗ್ಗೆ

ಎರಡು ದಿನ ಬರೆಯಲಿಲ್ಲ. ಸುಮ್ಮನಿರುವುದರಲ್ಲೇ ಸುಸ್ತಾಯಿತು.

ಆದರೆ ಒಂದು ವಿಷಯ ತಲೆ ಕೊರೆಯುತ್ತಿದೆ. ನಿನ್ನೆ ಲಾಡ್ಜಿನಾಕೆ ಕೀ ಕೊಡುತ್ತಾ, "ನೀವಿಬ್ರೂ ಅಕ್ಕ-ತಂಗೀರಾ?" ಎಂದು ಕೇಳಿದಳು. ನಾನು ಕೀಗೆ ಕಟ್ಟಿದ ನಂಬರು ಓದತೊಡಗಿದೆ. ಬೀಗಿತ್ತಿ ತಟ್ಟನೆ, "ಇಲ್ಲಮ್ಮ, ಒಂದೇ ಊರಿನೋರು" ಎಂದುಬಿಟ್ಟರು.

ಮಾತುಕತೆಯಾದ ವಾರ ತರಕಾರಿ ಮಾರುವವನಿಗೂ 'ಇವರು ನಮ್ಮ ಬೀಗರು' ಎಂದು ನನ್ನನ್ನು ತೋರಿಸಿದ್ದ ಹೆಂಗಸು. ಈಗ ಯೋಚಿಸಿದರೆ, ಕಾರು ಹತ್ತಿದಾಗಿನಿಂದ ಒಮ್ಮೆಯೂ 'ಬೀಗರೇ' ಎಂದಿಲ್ಲ. 'ಇವ್ರೇ' ಎನ್ನುತ್ತಾರೆ. 'ನೋಡಿ ಇವ್ರೇ, ಮೋಡ ನಮಗಿಂತ ಕೆಳಗಿದೆ.' ಮದುವೆಯ ಸುದ್ದಿಯನ್ನೂ ಎತ್ತಿಲ್ಲ.

ಗೊತ್ತಿದೆಯೇ? ಎಂದಿನಿಂದ? ಕೇಳಿದರೆ ನನ್ನ ಗುಟ್ಟೂ ಹೊರಗೆ ಬೀಳುತ್ತದೆ. ಕೇಳದಿದ್ದರೆ ಹೊಟ್ಟೆ ಒಡೆಯುತ್ತದೆ.

ಅದೇ ದಿನ, ರಾತ್ರಿ

ಕೇಳಿದೆ. ಕಲ್ಲಿನ ಸೇತುವೆಯ ಮೇಲೆ, ಅವರು ಟೀ ಬಗ್ಗಿಸುತ್ತಿದ್ದಾಗ. "ಮಕ್ಕಳ ವಿಷಯ ನಿಮಗೆ ಗೊತ್ತಾ?"

ಎರಡೂ ಲೋಟ ತುಂಬಿಸಿ, ಮುಚ್ಚಳ ತಿರುಗಿಸಿ, "ಗೊತ್ತು" ಎಂದರು. "ನಿಮಗೆ ಯಾವಾಗ ಹೇಳಿದ್ಳು?"

"ಆಚೆಮೊನ್ನೆ ತಾರಸಿ ಹತ್ತಿದ್ನಲ್ಲ, ಆವಾಗ. ನಿಮಗೆ?"

"ಹೊರಡೋ ಹಿಂದಿನ ದಿನ. ಅವನ ಹೊಟ್ಟೇಲಿ ಮಾತು ನಿಲ್ಲಲ್ಲ."

"ಗೊತ್ತಿದ್ದೂ ಬಂದ್ರಾ? ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಬರ್ತಿದ್ರಾ?"

ಅವರು ನದಿ ನೋಡುತ್ತಾ ಹೇಳಿದರು: "ಯಜಮಾನರು ಹೋದ್ಮೇಲೆ ಕಾರು ಓಡ್ಸೋದು ಕಲಿತೆ. ಅಂಗಡಿಗೆ ಹೋಗಿ ಬರೋದಷ್ಟೇ ಆಯ್ತು. ಒಬ್ಳೇ ಬರೋಕೆ ಧೈರ್ಯ ಇಲ್ಲ ಅಂತಲ್ಲ ಇವ್ರೇ. ನೋಡಿದ್ದನ್ನ ಪಕ್ಕದಲ್ಲಿ ಯಾರಿಗಾದ್ರೂ ತೋರಿಸ್ಬೇಕು ಅನ್ಸುತ್ತೆ."

ನನಗೆ ಸಿಟ್ಟು ಬಂತು. ಟೀ ಕುಡಿಯದೆ ಕಾರಿಗೆ ಬಂದು ಕೂತೆ. ನನ್ನ ಮಗಳ ಮದುವೆ ಮುರಿದದ್ದು ಇವರಿಗೆ ಮೊದಲೇ ಗೊತ್ತಿತ್ತು. ಹೆತ್ತ ನನಗೆ ಗೊತ್ತಿರಲಿಲ್ಲ. ಲಾಡ್ಜಿಗೆ ಬಂದ ಮೇಲೆ ಊಟಕ್ಕೂ ಕೆಳಗೆ ಇಳಿಯಲಿಲ್ಲ. ನಾಳೆ ಬಸ್ಸು ಹಿಡಿದು ಹೋಗಿಬಿಡುತ್ತೇನೆ.

ಮೇ 16, ಬೆಳಿಗ್ಗೆ

ಸಿಟ್ಟು ಇದೆ. ಆದರೆ ಅದನ್ನು ಹಿಂದೆ ಮುಂದೆ ಮಾಡಿ ನೋಡುತ್ತಿದ್ದೇನೆ. ಅವರು ಮೆಟ್ಟಿಲಲ್ಲಿ ಕೈ ಹಿಡಿದದ್ದು, ಬಿಸಿಲು ಬೀಳದ ಹಾಸಿಗೆ ಬಿಟ್ಟುಕೊಟ್ಟದ್ದು — ಬೀಗಿತ್ತಿಯ ಉಪಚಾರ ಎಂದುಕೊಂಡು, ಅದು ನನಗೆ ಸಲ್ಲಬೇಕಾದದ್ದೇ ಎಂಬಂತೆ ಪಡೆದಿದ್ದೆ. ಅವರಿಗಾದರೋ ನಾನು ಆಗಲೇ ಬೀಗಿತ್ತಿಯಲ್ಲ. ಹಾಗಾದರೆ ಅದೆಲ್ಲ ಯಾರಿಗೆ ಮಾಡಿದ್ದು?

ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನೀನಿನ್ನೂ ಅವರ ಜೊತೆ ಇದ್ದೀಯಾ? ನಂಗೆ ಒಂಥರಾ ಆಗುತ್ತಮ್ಮ."

"ಬಾ ಅಂದ್ರೆ ಇವತ್ತೇ ಬಂದ್ಬಿಡ್ತೀನಿ. ನಿನ್ನ ಮೇಲಾಣೆ."

ಅತ್ತ ಯಾವುದೋ ಬಾಗಿಲು ಮುಚ್ಚಿದ ಸದ್ದು. ಆಮೇಲೆ, "ಬೇಡ. ಆದ್ರೆ ನನ್ನ ವಿಷಯ ಅವರ ಹತ್ರ ಮಾತಾಡ್ಬೇಡ. ಒಂದು ಮಾತೂ."

ಮಾತು ಕೊಟ್ಟೆ.

ಅದೇ ದಿನ, ಹತ್ತು ಗಂಟೆ

ಇಬ್ಬರೂ ಕಾರು ಹತ್ತಿದೆವು. ಕವಲಿನಲ್ಲಿ ನಿಲ್ಲಿಸಿದರು. ಎಡಕ್ಕೆ ಇಳಿದರೆ ಹೈವೇ. ಬಲಕ್ಕೆ ಘಾಟಿ, ಅದರಾಚೆ ನಾವು ನೋಡದ ಊರು.

"ಕೆಳಗೆ ಹೋದ್ರೆ ಸಂಜೆಗೆ ನಿಮ್ಮ ಮನೆ ಬಾಗಿಲಿಗೆ ಬಿಡ್ತೀನಿ. ಬಸ್ಸು ಗಿಸ್ಸು ಬೇಡ. ನೀವೇ ಹೇಳಿ."

"ಒಂದು ಷರತ್ತು. ಮಕ್ಕಳ ಮಾತು ಕಾರಲ್ಲಿ ಬರಬಾರ್ದು."

"ನಂಗೇನು ಮಾತಿಗೆ ಬರವಾ?"

"ಸರಿ, ಮೇಲಕ್ಕೆ ಹೋಗೋಣ."

ಗೇರ್ ಹಾಕಿದರು. ಬೆರಳ ತುದಿಯಿಂದ ಕಣ್ಣ ಮೂಲೆ ಒರೆಸಿಕೊಂಡದ್ದನ್ನು ನೋಡದವಳಂತೆ ಬರೆಯುತ್ತಿದ್ದೇನೆ. ಏರು ಶುರುವಾಯಿತು, ಅಕ್ಷರ ಸೊಟ್ಟ ಬರುತ್ತಿದೆ. ಬಲಗಡೆ ಏನನ್ನೋ ತೋರಿಸುತ್ತಿದ್ದಾರೆ, ಬರೆದದ್ದು ಸಾಕು ನೋಡಿ ಅಂತ, ಬಂಡೆಯ ಮೇಲೆ ಯಾವುದೋ ಹಳೆಯ ಅಕ್ಷರ —