ತಲೆಯಾಡಿಸಿದ ತಪ್ಪು

ಪ್ಲೆವೆನ್
ಮೇ ೧೯, ಸೋಮವಾರ

ಪ್ರೀತಿಯ ತಮ್ಮ ವೆಸೆಲಿನ್‌ಗೆ,

ನಿನ್ನ ಸೊಂಟನೋವು ಹೇಗಿದೆ? ಹ್ಯಾನೋವರಿನ ಆ ಗೋದಾಮಿನಲ್ಲಿ ಇನ್ನೂ ಭಾರ ಎತ್ತಿಸುತ್ತಿದ್ದಾರೆಯೇ? ನಾನು ಕಳಿಸಿದ ಕೆಂಪು ಮೆಣಸಿನಕಾಯಿ ಚಟ್ನಿಯ ಬಾಟಲಿ ಒಡೆಯದೆ ತಲುಪಿತೇ? ತಲುಪಿದ್ದರೆ ಮೊದಲು ಸಮಾಧಾನವಾಗಿ ತಿನ್ನು, ಆಮೇಲೆ ಓದು. ಇನ್ನು ಮುಂದಿರುವುದೆಲ್ಲ ಬೈಗುಳ.

ಮೊನ್ನೆ ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿಬಿಟ್ಟೆ! "ಅಕ್ಕಾ, ಒಂದು ಬೆಕ್ಕಿಗೋಸ್ಕರ ಹೀಗೆ ಹೆದರಿ ಸಾಯ್ಬೇಡ. ಡಾಕ್ಟರ ಹತ್ರ ನಾನೇ ಮಾತಾಡಿದೀನಿ. ಮಂಗಳವಾರ ಕರ್ಕೊಂಡು ಹೋಗು. ಮತ್ತೆ ಏಳದ ಹಾಗೆ ನಿದ್ದೆ ಬರೋ ಸೂಜಿ, ಅಷ್ಟೇ. ಆಮೇಲೆ ನೆಮ್ಮದಿ." ಯಾರಿಗೋ ನೆಮ್ಮದಿ? ನೀನು ಬರೀ ಬೆಕ್ಕೆಂದ ನನ್ನ ಪಿಸಾನಾಗೆ ಸಕ್ಕರೆ ಕಾಯಿಲೆ ಬಂದು ವರ್ಷವಾಯಿತು. ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚುವವಳು ನಾನು. ಚುಚ್ಚುವ ಮೊದಲು ಕೈ ನಡುಗುತ್ತದೆ, ಎದೆ ಢವಢವ ಎನ್ನುತ್ತದೆ, ನಿಜ. ಮಾರುಕಟ್ಟೆಗೆ ಹೊರಟವಳು ಅರ್ಧ ದಾರಿಯಿಂದ ಓಡಿ ಬಂದು, ಅವಳ ಹೊಟ್ಟೆ ಏರಿಳಿಯುತ್ತಿದೆಯೇ ಎಂದು ನೋಡುತ್ತೇನೆ, ಅದೂ ನಿಜ. ನಮ್ಮ ಕಟ್ಟಡದ ಮುಂದಿನ ಬೆಂಚು ಬಿಟ್ಟು ಏಳದ ಆ ಸ್ತೊಯಾಂಕಾ "ಬೆಕ್ಕಿಗೂ ಸಕ್ಕರೆ ಕಾಯಿಲೆನಾ? ಹಾಗಾದ್ರೆ ಒಂದು ಕನ್ನಡಕಾನೂ ಮಾಡಿಸ್ಕೊಡೇ ತಾಯಿ!" ಎಂದು ಬೀದಿಗೆಲ್ಲ ಕೇಳುವಂತೆ ನಗುತ್ತಾಳೆ. ನಗಲಿ, ಅವಳ ಹಲ್ಲು ಅವಳದು. ಹೆದರಿಕೆ ಹೆಚ್ಚಾದಾಗ ನಾನು ಚಟ್ನಿಯ ಖಾಲಿ ಬಾಟಲಿಗಳನ್ನು ಕೆಳಗಿಳಿಸಿ, ತೊಳೆದದ್ದನ್ನೇ ಮತ್ತೆ ತೊಳೆಯುತ್ತೇನೆ. ಬಿಸಿನೀರಿನಲ್ಲಿ ಕೈಯಾಡಿಸುತ್ತಿದ್ದರೆ ಎದೆ ಸ್ವಲ್ಪ ಸುಮ್ಮನಾಗುತ್ತದೆ. ಆಮೇಲೆ ಸೂಜಿ ಹಿಡಿಯುತ್ತೇನೆ. ಒಂದು ಹೊತ್ತೂ ತಪ್ಪಿಸಿಲ್ಲ, ಒಂದು ಸಲವೂ ಹೆಚ್ಚುಕಡಿಮೆಯಾಗಿರಲಿಲ್ಲ, ನೀನು ರಜಕ್ಕೆ ಬರುವವರೆಗೆ.

ಈಸ್ಟರ್ ಬೆಳಿಗ್ಗೆ ನಾನು ಚರ್ಚಿನಿಂದ ಬಂದು "ಪಿಸಾನಾಗೆ ಚುಚ್ಚಿದೆಯಾ?" ಎಂದು ಕೇಳಿದೆ. ನಿನ್ನ ಬಾಯಿ ತುಂಬ ಹಬ್ಬದ ಸಿಹಿ ಬ್ರೆಡ್ಡು. ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ನಮ್ಮಲ್ಲಿ ಹಾಗೆ ಆಡಿಸಿದರೆ ಇಲ್ಲ ಎಂದರ್ಥ, ಅಡ್ಡಡ್ಡ ಆಡಿಸಿದರೆ ಹೌದು. ಇದನ್ನು ಪ್ಲೆವೆನ್‌ನಲ್ಲಿ ಹುಟ್ಟಿದವನಿಗೆ ನಾನು ಹೇಳಿಕೊಡಬೇಕೇ? ನೀನು ಚುಚ್ಚಿಲ್ಲವೆಂದುಕೊಂಡು ನಾನು ಚುಚ್ಚಿದೆ. ನೀನು ಆಗಲೇ ಚುಚ್ಚಿಯಾಗಿತ್ತು! ಅಷ್ಟು ವರ್ಷ ಜರ್ಮನರ ನಡುವೆ ಇದ್ದು ನಿನ್ನ ತಲೆ ಅವರ ಹಾಗೆ ಹೌದೆನ್ನಲು ಕಲಿತುಬಿಟ್ಟಿದೆ. ಹಬ್ಬಕ್ಕೆ ಬಣ್ಣ ಹಾಕಿದ ಕೆಂಪು ಮೊಟ್ಟೆಗಳನ್ನು ಮೇಜಿಗಿಡುವಷ್ಟರಲ್ಲಿ ಪಿಸಾನಾಳ ಹಿಂಗಾಲು ಕುಡಿದವರಂತೆ ತೊಡರಿತು, ಅಲ್ಲೇ ಕುಸಿದಳು. ಒಸಡಿಗೆ ಜೇನು ಸವರಿ, ಶಾಲಿನಲ್ಲಿ ಸುತ್ತಿಕೊಂಡು ನಾನು ಓಡುತ್ತಿದ್ದರೆ ನೀನು ಹಿಂದಿನಿಂದ "ಚುಚ್ಚಿದೀನಿ ಅಂದ್ನಲ್ಲಕ್ಕಾ!" ಎಂದು ಕೂಗುತ್ತಿದ್ದೆ. ಎಲ್ಲಿ ಅಂದೆಯೋ? ಯಾವ ಬಾಯಲ್ಲಿ ಅಂದೆ? ಡಾಕ್ಟರ್ ಇಲ್ಚೆವಾ ಹಬ್ಬದ ದಿನವೂ ಬಾಗಿಲು ತೆರೆದು ಗ್ಲೂಕೋಸ್ ಏರಿಸಿದ್ದರಿಂದ ಅವಳು ಉಳಿದಳು.

ತಪ್ಪು ಮಾಡಿದ್ದು ನಿನ್ನ ತಲೆ, ಸಾಯಬೇಕಾದವಳು ಪಿಸಾನಾ! ಇದು ಯಾವ ನ್ಯಾಯ? ಆವತ್ತು ಕ್ಲಿನಿಕ್ಕಿನ ನೆಲದ ಮೇಲೆ ನಾನು ಉಸಿರು ಸಿಕ್ಕದೆ ಕುಳಿತದ್ದನ್ನು ನೋಡಿ ನೀನು ಬೆದರಿದೆ, ಗೊತ್ತು. ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದೀಯ, ಅದೂ ಗೊತ್ತು. ಆದರೆ ಅವಳು ಹೋದರೆ ನನ್ನ ಹೆದರಿಕೆ ಹೋಗುತ್ತದೆಂದು ಯಾರು ಹೇಳಿದರು ನಿನಗೆ? ಈ ಮನೆಯಲ್ಲಿ ಅವಳಿಲ್ಲದೆ ಆ ಹೆದರಿಕೆಯೊಂದೇ ಉಳಿಯುತ್ತದೆ. ಅವಳಿಗೆ ಚುಚ್ಚಬೇಕು ಎಂಬ ಒಂದೇ ಕಾರಣಕ್ಕೆ ನಾನು ಎಷ್ಟೋ ಬೆಳಿಗ್ಗೆ ಹಾಸಿಗೆಯಿಂದ ಎದ್ದಿದ್ದೇನೆ. ನಾಳೆ ಹೋಗುತ್ತೇನೆ. ಬುಟ್ಟಿ ತೆಗೆದಿಟ್ಟಿದ್ದೇನೆ.

ಸೊಂಟಕ್ಕೆ ಉಣ್ಣೆಯ ಪಟ್ಟಿ ಕಟ್ಟಿಕೋ. ಹೊಟ್ಟೆ ಖಾಲಿ ಇಟ್ಟುಕೊಂಡು ಕೆಲಸಕ್ಕೆ ಹೋಗಬೇಡ. ಎಷ್ಟೇ ಬೈದರೂ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದೇ ಕೇಳಿಕೊಳ್ಳುವ,

ನಿನ್ನ ಅಕ್ಕ
ರುಮ್ಯಾನಾ

ಮರೆತ ಮಾತು: ಮಂಗಳವಾರ, ಅಂಚೆ ಕಚೇರಿಯಲ್ಲಿ ನಿಂತೇ ಗೀಚುತ್ತಿದ್ದೇನೆ. ನೀನು ಗೊತ್ತುಮಾಡಿದ ಹೊತ್ತಿಗೇ ಹೋದೆ. ಡಾಕ್ಟರ್ "ನಿಮ್ಮ ತಮ್ಮ ಹೇಳಿದ್ರು. ನೀವೇನಂತೀರಿ?" ಎಂದರು. ತಲೆ ಅಲುಗಿಸಲಿಲ್ಲ, ಬಾಯಿಬಿಟ್ಟೇ "ಬೇಡ" ಎಂದೆ. ಗೊತ್ತಾಗಿದ್ದ ಹೊತ್ತು ದಂಡವಾಗಬಾರದಲ್ಲ, ಪಿಸಾನಾಳ ಉಗುರು ಕತ್ತರಿಸಿಕೊಂಡು ಬಂದೆವು. ಬೇಸಿಗೆಗೆ ಬಾ. ನೀನು ಅವಳನ್ನು ಹಿಡಿದುಕೋ ಸಾಕು. ಚುಚ್ಚುವುದು ಮಾತ್ರ ನಾನೇ, ಕೈ ನಡುಗಿದರೂ.