ಸಹಿಗೆ ಮುಂಚೆ ಒಂದು ಲೋಟ ನೀರು

ಹೊಳೆ ಮುಚ್ಚಿದ ನೂರ ಅರವತ್ತೆರಡನೆಯ ವರ್ಷ, ವೈಶಾಖ ಮಾಸ

ನೀರು ಸರಬರಾಜು ಕಚೇರಿಯ ಇಂಜಿನಿಯರರೂ ನಮ್ಮ ವಂಶದ ಹಿರಿಯರೂ ಆದ ಚನ್ನವೀರಪ್ಪನವರಿಗೆ, ನಿಮ್ಮಿಂದ ಏಳನೆಯ ತಲೆಮಾರಿನ ಕೊಟ್ರಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ‘ಇತ್ತ ಎಲ್ಲರೂ ಕ್ಷೇಮ’ ಎಂದು ಪತ್ರ ಶುರು ಮಾಡುವುದು ನಿಮ್ಮ ಕಾಲದ ವಾಡಿಕೆಯಂತೆ. ನಮ್ಮ ಊರಿನಲ್ಲಿ ಕಚೇರಿಯವರು ಆ ಪದ ಬರೆಯುವಂತಿಲ್ಲ. ಕಾರಣ ನಿಮ್ಮ ಮೇಜಿನ ಮೇಲಿರುವ ವರದಿ. ಕಾರ್ಖಾನೆಯ ವಿಷ ಹೊಳೆಗೆ ಸೇರಿದ್ದು ನಿಮಗೆ ಗೊತ್ತು. ಆದರೂ ಮೇಲಿನವರ ಮಾತಿಗೆ ಕಟ್ಟುಬಿದ್ದು, ‘ನೀರು ಕ್ಷೇಮಕರ, ಕುಡಿಯಬಹುದು’ ಎಂಬ ಸಾಲಿನ ಕೆಳಗೆ ನಾಳೆ ಬೆಳಿಗ್ಗೆ ಸಹಿ ಹಾಕುತ್ತೀರಿ. ಊರು ಎಂಟು ದಿನ ಆ ನೀರು ಕುಡಿಯುತ್ತದೆ. ಆಮೇಲೆ ಹೊಳೆಗೆ ಬೇಲಿ ಬೀಳುತ್ತದೆ; ನಮ್ಮ ವರ್ಷಗಳ ಎಣಿಕೆ ಅಂದಿನಿಂದಲೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನನ್ನ ಉದ್ಯೋಗ ‘ಗುಟುಕಮ್ಮ’. ಕಚೇರಿಯ ಕಾಗದವನ್ನು ಯಾರೂ ನಂಬದೆ ಹೋದ ಮೇಲೆ ಹುಟ್ಟಿದ ಹುದ್ದೆ ಇದು. ದಿನಾ ಬೆಳಿಗ್ಗೆ ಜನ ಕೊಡ ಹಿಡಿದು ಟ್ಯಾಂಕಿನ ಮುಂದೆ ನಿಲ್ಲುತ್ತಾರೆ. ನಾನು ಎಲ್ಲರೆದುರು ಒಂದು ಲೋಟ ನೀರು ಕುಡಿದು ಕಲ್ಲುಬೆಂಚಿನ ಮೇಲೆ ಕೂರುತ್ತೇನೆ. ಅನ್ನ ಬೇಯುವಷ್ಟು ಹೊತ್ತು ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ. ನಾನು ಕೆಮ್ಮಿದರೂ ಕೊಡಗಳು ಹಿಂದೆ ಸರಿಯುತ್ತವೆ. “ಹೊಟ್ಟೆ ಹೆಂಗೈತೆ ಗುಟುಕಮ್ಮಾ?” ಎಂದು ಹೆಂಗಸರು ಕಿಚಾಯಿಸುತ್ತಾರೆ. ನಾನು ನಕ್ಕ ಮೇಲೆಯೇ ನಲ್ಲಿ ಬಿಡುವುದು. ಈ ಕೆಲಸದ ಬಗ್ಗೆ ನನಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಈ ಪದ್ಧತಿಯಲ್ಲೊಂದು ಕೊರತೆ ಇದೆ ಎಂದು ನೂರೈವತ್ತು ವರ್ಷ ಯಾರಿಗೂ ಹೊಳೆಯಲಿಲ್ಲ. ಒಳ್ಳೆಯ ನೀರನ್ನು ಕುಡಿದು ತೋರಿಸಬಹುದು. ಕೆಟ್ಟದ್ದನ್ನು ಹೇಗೆ ತೋರಿಸುವುದು?

ಹೋದ ತಿಂಗಳು ಟ್ಯಾಂಕು ಬತ್ತಿತು. ಜನ ಹಳೆಯ ಸಂತೆಬಾವಿಯ ಮುಚ್ಚಳ ತೆಗೆದರು. ನಿಮ್ಮ ಕಾಲದ ವಿಷವೇ ನೆಲದಡಿ ಹರಿದು ಅಲ್ಲಿ ನಿಂತಿರುವುದನ್ನು ಕಚೇರಿಯ ಯಂತ್ರ ತೋರಿಸಿತು. ನಾನು ಬಾವಿಕಟ್ಟೆಯ ಮೇಲೆ ನಿಂತು, ಕುಡಿಯಬೇಡಿ ಎಂದೆ. “ಕುಡೀದೇ ಇದ್ರೆ ನಿಂಗೆಂಗ್ ಗೊತ್ತಾತು?” ಎಂದು ಯಾರೋ ಕೂಗಿದರು. ನನ್ನ ತಾಯಿ ಹಾಲಮ್ಮ ಗುಂಪಿನಿಂದ ಮುಂದೆ ಬಂದಳು. ಅವಳ ಕೈಯಲ್ಲಿ ಬಾವಿನೀರಿನ ಲೋಟವಿತ್ತು.

“ಇದನ್ನ ನೀನ್ ಹೇಳ್ತಿದೀಯೋ, ಆಫೀಸು ಹೇಳ್ತೈತೋ?” ಎಂದು ಕೇಳಿದಳು.

‘ನಾನೇ ಹೇಳ್ತಿದೀನಿ’ ಎಂದಿದ್ದರೆ ಲೋಟ ಕೆಳಗಿಡುತ್ತಿದ್ದಳು. ಆದರೆ ಅಳೆದದ್ದು ಯಂತ್ರ, ನನ್ನ ನಾಲಿಗೆಯಲ್ಲ. ಈ ಹುದ್ದೆಯಲ್ಲಿದ್ದು ಒಂದು ಸುಳ್ಳನ್ನೂ ಆಡಬಾರದೆಂದು ಆಣೆ ಮಾಡಿದವಳು ನಾನು. “ಆಫೀಸು ಹೇಳ್ತೈತವ್ವಾ” ಎಂದೆ.

ಅವಳು ನಕ್ಕಳು. ನಾನು ಕೈ ಚಾಚುವಷ್ಟರಲ್ಲಿ ಕುಡಿದುಬಿಟ್ಟಿದ್ದಳು.

ನಾಲ್ಕನೆಯ ದಿನ ತೀರಿಕೊಂಡಳು. ಈಗ ಊರು ಆ ಬಾವಿಯ ಹತ್ತಿರ ಸುಳಿಯುವುದಿಲ್ಲ. ನನ್ನ ಮಾತು ನಂಬಿ ಅಲ್ಲ, ಅವಳ ಹೆಣ ನೋಡಿ. ಟ್ಯಾಂಕಿಗೆ ಮತ್ತೆ ನೀರು ಬಂದಿದೆ. ನಾನು ಕುಡಿಯುತ್ತೇನೆ, ಬೆಂಚಿನ ಮೇಲೆ ಕೂರುತ್ತೇನೆ, ನಗುತ್ತೇನೆ. ನಗದಿದ್ದರೆ ಜನಕ್ಕೆ ನೀರಿಲ್ಲ. ಹೊಟ್ಟೆ ಹೆಂಗೈತೆ ಎಂದು ಈಗ ಯಾರೂ ಕೇಳುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ, ಅಜ್ಜ. ಬಹಳ ಸಿಟ್ಟಿದೆ. ಆದರೂ ಕೈಮುಗಿದು ಕೇಳುತ್ತೇನೆ. ನಾಳೆ ಸಹಿ ಹಾಕುವ ಮುಂಚೆ ಹೊಳೆಯಿಂದ ಒಂದು ಲೋಟ ನೀರು ತರಿಸಿ, ವರದಿಯ ಪಕ್ಕ ಇಟ್ಟುಕೊಳ್ಳಿ. ಅದನ್ನು ನಿಮ್ಮ ತಾಯಿಯ ಕೈಗೆ ಕೊಡಬಲ್ಲಿರಾ ನೋಡಿ. ಆಗದಿದ್ದರೆ, ‘ಕುಡಿಯಬೇಡಿ’ ಎಂದು ಬರೆಯಿರಿ.

ನೀವು ಬರೆದರೆ ಜನ ಇನ್ನೂ ನಂಬುತ್ತಾರೆ.