ಮನೆಯೊಳಗೂ ಛತ್ರಿ ಮಡಚದ ಮಾವ

ಮಾರ್ಚ್ 3, ಸೋಮವಾರ. ಮಧ್ಯಾಹ್ನ, ಅಂಗಡಿಯ ಹಿಂದಿನ ಕೋಣೆ

ಗೀಟುಹಾಳೆಗಳ ಗಂಡುಗಲಿ, ನೀಲಿ ರಟ್ಟಿನ ನಿತ್ಯಪ್ರತಾಪಿ, ಕೈಚೀಲದ ಸಿಂಹಾಸನಾಧೀಶ್ವರ, ಶ್ರೀ ಶ್ರೀ ಶ್ರೀ ದಿನಚರಿ ಮಹಾಪ್ರಭುಗಳ ಸನ್ನಿಧಾನಕ್ಕೆ — ಕನ್ನಡಕದಂಗಡಿಯಲ್ಲಿ ಲೆನ್ಸ್ ಅರೆಯುವ ಈ ಬಡ ಹುಡುಗಿ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಇವತ್ತೂ ಊಟದ ಡಬ್ಬಿಯ ಜೊತೆ ಚಮಚ ತರಲು ಮರೆತೆ.

ಬೆಳಿಗ್ಗೆಯಿಂದ ಬರೀ ಪ್ಲಾಸ್ಟಿಕ್ ಲೆನ್ಸು. ಅಂಚು ಅರೆದೂ ಅರೆದೂ ಬೆರಳೆಲ್ಲ ಬಿಳಿ ಪುಡಿ. ಯಜಮಾನರು ಮುಂದೆ ಯಾರದೋ ಮೂಗಿನ ಅಳತೆ ತೆಗೆಯುತ್ತಿದ್ದಾರೆ. ನಾನು ಹಿಂದೆ, ಫೋನು ಹಿಡಿದು, ಆಸ್ಥಾನದ ಕೆಲಸದಲ್ಲಿ.

ಆಸ್ಥಾನ ಎಂದರೆ ನಮ್ಮ ಗ್ರೂಪು. ಕಂಪ್ಯೂಟರಿನಲ್ಲಿ ಮನೆ ಕಟ್ಟಿ, ಅದರೊಳಗೆ ಜನರನ್ನು ಬಿಟ್ಟು, ಅವರು ಉಣ್ಣುವುದು, ಜಗಳವಾಡುವುದು, ಮುದುಕರಾಗುವುದನ್ನು ನೋಡುತ್ತ ಕೂರುವ ಆಟವೊಂದಿದೆಯಲ್ಲ — ಅದರ ಹುಚ್ಚು ಹಿಡಿದವರ ಕೂಟ. ಆಡುವುದಕ್ಕಿಂತ ಅದರ ಮೇಲೆ ಕಥೆ ಹೆಣೆಯುವುದೇ ಜಾಸ್ತಿ.

ಎಲ್ಲರ ಕಣ್ಮಣಿ ಛತ್ರಿ ಮಾವ. ಬೀದಿಯ ಕೊನೆಯ ಮನೆಗೆ ಆಟದ ಕಂಪನಿಯವರೇ ಇಟ್ಟು ಕೊಟ್ಟಿರುವ ಆಸಾಮಿ. ಸಣಕಲು, ಜೋಲು ಮೀಸೆ. ಪ್ರೋಗ್ರಾಮಿನಲ್ಲಿ ಏನೋ ಎಡವಟ್ಟಾಗಿ, ಮಳೆಗೆ ಬಿಚ್ಚಿದ ಛತ್ರಿಯನ್ನು ಒಳಗೆ ಬಂದ ಮೇಲೂ ಮಡಚುವುದಿಲ್ಲ. ಛತ್ರಿ ಹಿಡಿದೇ ಅಡುಗೆ, ಛತ್ರಿ ಹಿಡಿದೇ ನಿದ್ದೆ. ಕಂಪನಿಗೆ ಅದು ದೋಷ. ನಮಗೆ ಅದೇ ಮಾವ.

ಯಾಕೆ ಮಡಚುವುದಿಲ್ಲ? ತಲೆಗೊಂದು ಕಥೆ. ‘ಆಸ್ಥಾನ ಇತಿಹಾಸಕಾರ’ ಎಂಬ ಹೆಸರಿನಲ್ಲಿ ನಾನು ರಚಿಸುತ್ತಿರುವ ‘ಛತ್ರಾಧಿಪತಿ ಚರಿತ್ರೆ’ಯ ಪ್ರಕಾರ, ಸೀಲಿಂಗ್ ಫ್ಯಾನು ಮಾವನ ಕುಲಶತ್ರು, ತಲೆಮಾರುಗಳ ವೈರ, ಛತ್ರಿ ರಕ್ಷಾಕವಚ.

ಎದುರಾಳಿ: ಗ್ರೂಪಿನ ಇನ್ನೊಬ್ಬ ಕಥೆಗಾರ್ತಿ, ಕಣ್ಣೀರು ಕಾರ್ಖಾನೆ. ಹೆಸರು ನಾನಿಟ್ಟದ್ದು. ಆಕೆ ಸಿಟ್ಟಾಗುವ ಬದಲು ಅದನ್ನೇ ತಮ್ಮ ಅಂಕಿತ ಮಾಡಿಕೊಂಡುಬಿಟ್ಟರು! ಗುರುವಾರಕ್ಕೊಂದು ಅಧ್ಯಾಯ. ಆಕೆಯ ಕಥೆಯಲ್ಲಿ ಯಾರೋ ಒಬ್ಬರು ಮಾವನ ಕೈಗೆ ಛತ್ರಿ ಕೊಟ್ಟು, ‘ಒಂದು ನಿಮಿಷ ಹಿಡ್ಕೊಂಡಿರಿ, ಬಂದೆ’ ಅಂದು ಹೋಗಿದ್ದಾರೆ. ಬಂದಿಲ್ಲ. ಮಾವ ಹಿಡಿದುಕೊಂಡೇ ಇದ್ದಾನೆ. ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ದಿನಾ ಸಂಜೆ ಬಾಗಿಲು ತಟ್ಟಿ ಮಾತಾಡಿಸುತ್ತಾಳೆ. ಅಷ್ಟೇ ಕಥೆ.

ಅದರ ಕೆಳಗೆ ನನ್ನ ಕಾಮೆಂಟು: “ಕಾರ್ಖಾನೆಯ ಈ ವಾರದ ಉತ್ಪಾದನೆ ಎರಡು ಬಕೆಟ್. ಗುಣಮಟ್ಟ ತೃಪ್ತಿಕರ. ಉಪ್ಪು ತುಸು ಹೆಚ್ಚು.”

ಯಜಮಾನರು ಕೂಗುತ್ತಿದ್ದಾರೆ. ಉಳಿದದ್ದು ನಾಳೆ.

ಮಾರ್ಚ್ 6, ಗುರುವಾರ. ಸಂಜೆ

ಮಹಾಪ್ರಭುಗಳೇ, ಇವತ್ತೊಂದು ಘನಕಾರ್ಯವಾಯಿತು. ಕಂಪನಿಯ ನೋಟೀಸಿನ ಹಾಗೆಯೇ ಒಂದು ಚಿತ್ರ ಮಾಡಿದೆ. ಮೇಲೆ ಬೂದು ಪಟ್ಟಿ, ಕೆಳಗೆ ಸಣ್ಣಕ್ಷರ. ಒಕ್ಕಣೆ:

“ಆಟಗಾರರ ಗಮನಕ್ಕೆ. ನಿರ್ದಿಷ್ಟ ಪಾತ್ರವೊಂದು ಒಳಾಂಗಣದಲ್ಲಿಯೂ ಛತ್ರಿ ಬಿಚ್ಚಿಕೊಂಡಿರುವ ದೋಷವು ನಮ್ಮ ಗಮನಕ್ಕೆ ಬಂದಿದೆ. ಮುಂದಿನ ಅಪ್‌ಡೇಟ್‌ನಲ್ಲಿ ಸದರಿ ಛತ್ರಿಯನ್ನು ಮಡಚಲಾಗುವುದು. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ.”

‘ಸದರಿ ಛತ್ರಿ’ ಎಂದು ಬರೆದು ನಾನೊಬ್ಬಳೇ ನಕ್ಕು ನಕ್ಕು ಸ್ಟೂಲಿನಿಂದ ಜಾರಿದೆ. ಗ್ರೂಪಿಗೆ ಹಾಕಿದೆ. ಜೊತೆಗೊಂದು ಸಾಲು: “ಚರಿತ್ರೆಯ ಕರಾಳ ದಿನ.”

ಮಾರ್ಚ್ 7, ಶುಕ್ರವಾರ

ಹಾಹಾಕಾರ! ಕಪ್ಪು ಛತ್ರಿಯ ಚಿತ್ರವನ್ನು ಎಲ್ಲರೂ ಡಿಪಿ ಮಾಡಿಕೊಂಡಿದ್ದಾರೆ. ಒಬ್ಬರು ಕಂಪನಿಗೆ ಮನವಿಪತ್ರ ಬರೆದಿದ್ದಾರೆ. ಇನ್ನೊಬ್ಬರು ಅಳುತ್ತ ವಾಯ್ಸ್ ಮೆಸೇಜ್ ಹಾಕಿದ್ದಾರೆ — ಅದನ್ನು ಜೋರಾಗಿ ಹಾಕಿ ಕೇಳುತ್ತಿದ್ದೆ. ಅಮ್ಮ ಪರದೆ ಹೊಲಿಯುತ್ತಿದ್ದವರು ಮೆಷಿನ್ ನಿಲ್ಲಿಸಿದರು.

“ಯಾರೇ ಅದು ಮಾವ? ಯಾರು ಛತ್ರಿ ಕಿತ್ಕೊಂಡ್ರಂತೆ?”

“ಬೀದಿ ಕೊನೇ ಮನೆಯವರು ಕಣಮ್ಮ.”

“ಬೀದಿ ಕೊನೇಲಿ ಹಿಟ್ಟಿನ ಗಿರಣಿ ಅಲ್ವೇನೇ ಇರೋದು?”

“ಇದು ಬೇರೆ ಬೀದಿ.”

“ಪಾಪ, ವಯಸ್ಸಾದವರ ಜೊತೆ ಹುಡುಗಾಟ ಆಡ್ಬಾರ್ದು” ಅಂದು ಅಮ್ಮ ಮತ್ತೆ ಪೆಡಲ್ ತುಳಿದರು. ಯಾರು ಯಾರ ಜೊತೆ ಆಡುತ್ತಿದ್ದಾರೆಂದು ಅವರಿಗೆ ಹೇಗೆ ಗೊತ್ತಾಯಿತೋ.

ಮಾರ್ಚ್ 9, ಭಾನುವಾರ

ಕಾರ್ಖಾನೆಯ ಪೋಸ್ಟು, ಚುಟುಕಾಗಿ: “ಯಾರೂ ಗಾಬರಿಯಾಗಬೇಡಿ. ಅಪ್‌ಡೇಟ್ ಬರುವ ಮೊದಲೇ ಆಟದ ಹಳೆಯ ಆವೃತ್ತಿ ಹಾಕಿಕೊಂಡರೆ ಛತ್ರಿ ಉಳಿಯುತ್ತದೆ. ಇವತ್ತು ರಜೆ, ನಾನು ಕೂರುತ್ತಿದ್ದೇನೆ.”

ಓದಿ ಕುಣಿದೆ. ಗಂಭೀರವಾಗಿ ಉತ್ತರ ಕೊಟ್ಟೆ: “ಕಾರ್ಖಾನೆಗೆ ಆಸ್ಥಾನದಿಂದ ಶೌರ್ಯಪದಕ.”

ಮಾರ್ಚ್ 10, ಸೋಮವಾರ. ಟೀ ಸಮಯ

ಸಾಕೆನಿಸಿತು. ‘ಸದರಿ ನೋಟೀಸು ಸದರಿ ಇತಿಹಾಸಕಾರರ ಕಿತಾಪತಿ’ ಎಂದು ಘೋಷಿಸಿದೆ. ಬೈಗುಳದ ಮಳೆ, ಎಲ್ಲ ಪ್ರೀತಿಯದೇ. ‘ಅಯ್ಯೋ ಪಾಪಿ’, ‘ನಿಮ್ಮ ತಲೆ ಮೇಲೆ ಫ್ಯಾನ್ ಬೀಳ!’ ಎಲ್ಲರೂ ನಕ್ಕರು.

ಕಾರ್ಖಾನೆ ಏನೂ ಅನ್ನಲಿಲ್ಲ.

ಮಾರ್ಚ್ 13, ಗುರುವಾರ

ಅಧ್ಯಾಯ ಬಂದಿಲ್ಲ. ಕಾರ್ಖಾನೆಗೆ ಬೀಗ ಬಿತ್ತೋ ಏನೋ. ಹಹ್ಹಾ.

ಊಟದ ಹೊತ್ತಿನಲ್ಲಿ ನೋಡಿದೆ, ಬಸ್ ಸ್ಟಾಪಿನಲ್ಲಿ ನೋಡಿದೆ, ಅಮ್ಮ ಬಡಿಸುವಾಗ ತಟ್ಟೆಯ ಕೆಳಗಿಟ್ಟು ನೋಡಿದೆ. ಸಿಗ್ನಲ್ ಸರಿಯಿಲ್ಲವೇನೋ.

ಸಿಗ್ನಲ್ ಸರಿಯಾಗೇ ಇದೆ.

ಮಾರ್ಚ್ 20, ಗುರುವಾರ

ಇವತ್ತೂ ಇಲ್ಲ. ಗ್ರೂಪಿನಲ್ಲಿ ಯಾರೋ ಕೇಳಿದರು, ‘ಕಾರ್ಖಾನೆ ಎಲ್ಲಿ?’ ಇನ್ಯಾರೋ ಒಂದು ಹೆಬ್ಬೆರಳು ಒತ್ತಿದರು. ಮುಗಿಯಿತು. ಆಮೇಲೆ ಸೋಫಾದ ಬಣ್ಣದ ಮೇಲೆ ಚರ್ಚೆ.

‘ಚರಿತ್ರೆ’ಯ ಹೊಸ ಕಂತು ಬರೆಯಲು ಕೂತೆ. ಬರಲಿಲ್ಲ. ಗೇಲಿ ಮಾಡುವುದಕ್ಕೂ ಎದುರಿಗೊಂದು ಬೇಕಲ್ಲ. ಬರಿಗೋಡೆಗೆ ಮೂತಿ ತಿರುವಿದ ಹಾಗಾಯಿತು.

ಕೊನೆಗೆ ಆಕೆಗೊಬ್ಬರಿಗೇ ಬರೆದೆ. ಬಿರುದು, ಒಕ್ಕಣೆ ಏನೂ ಇಲ್ಲ. “ಚೆನ್ನಾಗಿದ್ದೀರಾ?” ಅಷ್ಟೇ. ಕಳಿಸಿದ ಮೇಲೆ ಯಾಕೋ ಬಟ್ಟೆಯಿಲ್ಲದೆ ಬೀದಿಗೆ ಬಂದ ಹಾಗೆ ಅನ್ನಿಸಿತು.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ

ವಾಯ್ಸ್ ಮೆಸೇಜ್ ಬಂತು. ಅರೆಯುವ ಮೆಷಿನ್ ಆಫ್ ಮಾಡಿ ಕೇಳಿದೆ. ಕೇಳಿದ್ದನ್ನು ಹಾಗೇ ಇಳಿಸುತ್ತಿದ್ದೇನೆ:

“ಇತಿಹಾಸಕಾರರೇ, ನಮಸ್ಕಾರ. ಬಸ್ಸಲ್ಲಿ ಕೂತಿದ್ದೀನಿ, ಸದ್ದು ಬಂದ್ರೆ ಬೇಜಾರು ಮಾಡ್ಕೋಬೇಡಿ. ಸ್ಕೂಲ್ ಬಸ್ ಓಡಿಸ್ತೀನಿ ನಾನು. ಬೆಳಿಗ್ಗೆ ಮಕ್ಕಳನ್ನ ಇಳಿಸಿದ ಮೇಲೆ ಸಂಜೆವರೆಗೂ ಖಾಲಿ ಬಸ್ಸೇ ನನ್ನ ಆಫೀಸು, ಕಥೆ ಬರೆಯೋದೆಲ್ಲ ಇಲ್ಲೇ. ಅವತ್ತು ನಿಮ್ಮ ನೋಟೀಸು ನೋಡಿ ಆಟ ತೆಗೆದು ಹಳೇದು ಹಾಕೋಕೆ ಹೋದೆ. ತೆಗೀವಾಗ ಉಳಿಸಿಟ್ಟಿದ್ದನ್ನೂ ಅಳಿಸ್ಲಾ ಅಂತೇನೋ ಕೇಳ್ತು. ಹೌದು ಅಂತ ಒತ್ತಿಬಿಟ್ಟೆ. ನಾನು ಕಟ್ಟಿದ್ದ ಇಡೀ ಊರೇ ಹೋಯ್ತು ನೋಡಿ. ನಿಮ್ಮನ್ನ ಅನ್ನೋಕೆ ಹೇಳ್ತಿಲ್ಲ, ಒತ್ತಿದ್ದು ನನ್ನ ಬೆರಳೇ ತಾನೆ.

“ಹೊಸದಾಗಿ ಶುರು ಮಾಡಿದ್ರೆ ಮಾವ ಬರ್ತಾರೆ. ಛತ್ರಿನೂ ಇದೆ. ಆದ್ರೆ ನನ್ನ ಹುಡುಗಿ ಹೋಗಿ ಬಾಗಿಲು ತಟ್ಟಿದ್ರೆ ‘ಯಾರಮ್ಮ ನೀನು’ ಅನ್ನೋ ಹಾಗೆ ನೋಡ್ತಾರೆ. ಅವರಲ್ಲ ಅದು. ಬೆಳಿಗ್ಗೆ ಸಂಜೆ ಬಸ್ಸಲ್ಲಿ ಗಲಾಟೆ ಸಾರ್, ಎಲ್ಲರನ್ನೂ ಅವರವರ ಮನೆಗೆ ಇಳಿಸಿದ ಮೇಲೆ ನಾನು ಬಾಗಿಲು ತಟ್ಟೋಕೂ ಒಂದು ಮನೆ ಬೇಕಲ್ಲ... ಅದಕ್ಕೇ ಕೇಳ್ತಿದ್ದೀನಿ. ನಿಮ್ಮ ಊರಲ್ಲಿ ಮಾವ ಬಹಳ ಕಾಲದಿಂದ ಇದ್ದಾರೆ. ಅವರ ಮನೆ ಫೈಲು ನನಗೆ ಕಳಿಸ್ತೀರಾ? ನನ್ನೋರಲ್ಲ, ನಿಜ. ಆದ್ರೂ ಒಬ್ಬರ ಜೊತೆ ಬಾಳಿದವರು. ಆಗ ತಾನೇ ಡಬ್ಬದಿಂದ ತೆಗೆದೋರಲ್ಲ. ಅವರು ಸಿಕ್ಕಿದ್ರೆ ಬರೀತೀನಿ. ಇಲ್ಲಾಂದ್ರೆ ಇದು ಸಾಕು ಅನ್ಸುತ್ತೆ.”

ಸಾರ್ ಅಂದರು. ನನಗೆ.

ಮಾರ್ಚ್ 22, ಶನಿವಾರ

ಬರೆದೆ: “ರಾಜಭಂಡಾರದ ಬೀಗದ ಕೈ ಸದ್ಯಕ್ಕೆ...” ಅಳಿಸಿದೆ. ಬರೆದೆ: “ಕಡತವು ಪರಿಶೀಲನೆಯಲ್ಲಿದ್ದು...” ಅಳಿಸಿದೆ.

ಮಧ್ಯಾಹ್ನ ಯಜಮಾನರು ಒಂದು ಫ್ರೇಮ್ ತಂದು ಮೇಜಿನ ಮೇಲೆ ಕುಕ್ಕಿದರು.

“ಏನಮ್ಮಾ ತಾಯಿ, ಎಡಗಣ್ಣಿನ ಲೆನ್ಸು ಬಲಕ್ಕೆ ಕೂರಿಸಿದ್ದೀಯ! ಆ ಮನುಷ್ಯ ಮೆಟ್ಟಿಲು ಇಳಿಯೋಕೆ ಹೋಗಿ ಗೋಡೆ ಹತ್ತಿದ್ರೆ ಯಾರು ಜವಾಬ್ದಾರಿ?”

“ಸಾರಿ ಸಾರ್.”

“ಒಂದು ತಮಾಷೆನೂ ಇಲ್ದೆ ಸಾರಿ ಅಂತೀಯ? ಜ್ವರಾನಾ?”

ಹಣೆ ಮುಟ್ಟಿ ನೋಡಿಕೊಂಡೆ. ಇಲ್ಲ.

ಮಾರ್ಚ್ 23, ಭಾನುವಾರ. ಸಂಜೆ

ಬೆಳಿಗ್ಗೆ ತೀರ್ಮಾನ ಮಾಡಿದೆ. ಫೈಲು ಕಳಿಸಲಾಗದು ಎಂದು ಮೊದಲ ಸಾಲಿನಲ್ಲೇ ಬರೆದೆ. ಬದಲಿಗೆ ನಿಮ್ಮ ಮಾವನ ಮನೆ ಹೇಗಿತ್ತೆಂದು ಹೇಳುತ್ತೇನೆ, ನೀವೇ ಮತ್ತೆ ಕಟ್ಟಿಕೊಳ್ಳಿ ಎಂದೆ. ಆಮೇಲೆ ಬಾಗಿಲಿನಿಂದ ಶುರು.

ಹೊಸಿಲ ಪಕ್ಕ ಒಂಟಿ ಚಪ್ಪಲಿ. ಜೊತೆಯದು ಎಲ್ಲಿ ಹೋಯಿತೆಂದು ನೀವು ಹೇಳಲಿಲ್ಲ. ಹಜಾರದ ಗೋಡೆ ಹಸಿರು, ಆದರೆ ಕಿಟಕಿಯ ಕೆಳಗಿನ ತುಂಡು ಮಾತ್ರ ಹಳದಿ. ಬಣ್ಣ ಹೊಡೆಯುವಾಗ ಹುಡುಗಿ ಬಂದು ಮಾತಿಗೆ ಕೂತಳು, ಮಾವ ಅದನ್ನು ಹಾಗೇ ಬಿಟ್ಟ. ಎರಡು ಕುರ್ಚಿ. ಒಂದು ಬಾಗಿಲಿಗೆ ಮುಖ ಮಾಡಿದ್ದು, ಅದರಲ್ಲಿ ಅವನು ಕೂರುವುದಿಲ್ಲ. ಅಡುಗೆಮನೆಯಲ್ಲಿ ರೇಡಿಯೊ. ಮೊದಲು ಹುಡುಗಿಯನ್ನು ‘ನೀವು’ ಎನ್ನುತ್ತಿದ್ದ, ಹುಳಿ ಹಣ್ಣು ತಿಂದು ಇಬ್ಬರೂ ಮುಖ ಕಿವುಚಿದ ದಿನದಿಂದ ‘ನೀನು’...

ಬರೆಯುತ್ತ ಬರೆಯುತ್ತ ಊಟ ತಪ್ಪಿತು. ಹಳೆಯ ಅಧ್ಯಾಯ ಒಂದನ್ನೂ ತೆಗೆದು ನೋಡಬೇಕಾಗಲಿಲ್ಲ. ಕಳಿಸಿದೆ.

ಐದು ಗಂಟೆಯ ಹೊತ್ತಿಗೆ ಫೋನೇ ಬಂತು.

“ಹಲೋ, ಇತಿಹಾಸಕಾರರು ಇದ್ದಾರೇನಮ್ಮ? ತಾತನಿಗೆ ಕೊಡ್ತೀಯಾ?”

“ಯಾವ ತಾತ?”

“ಅವರೇ, ಚರಿತ್ರೆ ಬರೀತಾರಲ್ಲ. ರಿಟೈರ್ಡ್ ಹೆಡ್‌ಮಾಸ್ಟರಲ್ವಾ?”

“ನಾನೇ... ನಾನೇ ಅದು, ಅಕ್ಕಾ.”

ಆ ಕಡೆ ಎಂಥ ನಗು! ಬಸ್ ಸ್ಟಾರ್ಟ್ ಆದ ಹಾಗೆ. “ಅಯ್ಯೋ ನಿನ್ನ! ಇಷ್ಟು ದಿನ ಒಂದು ಮೊಳಕೆಗೆ ಸಾರ್ ಸಾರ್ ಅಂತಿದ್ದೆನಾ? ನಾನು ಯಾರೋ ಎಪ್ಪತ್ತು ದಾಟಿದ ಮುದುಕಪ್ಪ, ಸಿಡುಕ, ಪಾಪ ಹೆಂಡ್ತಿ ಇಲ್ಲ ಅಂತೆಲ್ಲ ಅಂದ್ಕೊಂಡಿದ್ದೆ ಕಣೇ!”

“ಹೆಂಡತಿ ಇಲ್ಲ ಅನ್ನೋದು ನಿಜ ಅಕ್ಕ.”

ಮತ್ತೆ ನಗು. ನಿಂತ ಮೇಲೆ ದನಿ ಇಳಿಸಿದರು.

“ಹಳದಿ ತುಂಡಿನ ವಿಷಯ ನನಗೇ ಮರೆತುಹೋಗಿತ್ತು. ಯಾವಾಗಲೋ ಒಂದೇ ಒಂದು ಸಲ ಬರೆದಿದ್ದು. ನೀನು ಬಕೆಟ್ ಲೆಕ್ಕ ಹಾಕ್ತಿದ್ದೋಳು... ಎಲ್ಲ ಓದ್ತಿದ್ದೆಯಾ?”

“ಗೇಲಿ ಮಾಡೋಕೆ ಓದ್ಲೇಬೇಕಲ್ಲ.”

“ಬಾಯಿಪಾಠ ಆಗೋವಷ್ಟಾ?”

“ತಪ್ಪಾಯ್ತು ಅಕ್ಕ. ನೋಟೀಸು...” ಅಂದೆ.

“ಆ ‘ಸದರಿ ಛತ್ರಿ’ ಮಾತ್ರ ಚೆನ್ನಾಗಿತ್ತು” ಅಂದರು. “ಬೈಕೊಂಡೇ ನಕ್ಕೆ.”

ಬರೆಯುತ್ತೀರಾ ಎಂದು ಕೇಳುವ ಧೈರ್ಯವಾಗಲಿಲ್ಲ. ಅವರೂ ಹೇಳಲಿಲ್ಲ.

ಮಾರ್ಚ್ 27, ಗುರುವಾರ. ಮಧ್ಯಾಹ್ನ, ಹಿಂದಿನ ಕೋಣೆ

ಬಂತು! ಊಟ ಅರ್ಧಕ್ಕೆ ಬಿಟ್ಟು ಓದಿದೆ.

ಹೊಸ ಅಧ್ಯಾಯದಲ್ಲಿ ಮಾವನಿಗೆ ಎಲ್ಲ ಮರೆತುಹೋಗಿದೆ. ಹುಡುಗಿಗೆ ಮರೆತಿಲ್ಲ. ಮತ್ತೆ ಮೊದಲಿನಿಂದ ಬಾಗಿಲು ತಟ್ಟುತ್ತಾಳೆ. ‘ಯಾರಮ್ಮ ನೀವು?’ ‘ಪಕ್ಕದ ಮನೆಯವಳು.’ ಅವನಿಗೆ ಇನ್ನೂ ಗೊತ್ತಿಲ್ಲದ ಅವನ ಮನೆಯೆಲ್ಲ ಅವಳಿಗೆ ಗೊತ್ತು. ಹೇಳಿಬಿಟ್ಟರೆ ಹೆದರುತ್ತಾನೆಂದು ಏನೂ ಗೊತ್ತಿಲ್ಲದವಳ ಹಾಗೆ ಕುರ್ಚಿಯ ಅಂಚಿನಲ್ಲಿ ಕೂರುತ್ತಾಳೆ. ಹಿಂದಿನವಕ್ಕಿಂತ ಚೆನ್ನಾಗಿದೆ. ತುಂಬ ಚೆನ್ನಾಗಿದೆ. ಕಾಮೆಂಟಿನಲ್ಲಿ ಬಕೆಟ್ ಲೆಕ್ಕ ಹಾಕಲಿಲ್ಲ. ಯಜಮಾನರು ಒಳಗೆ ಬಂದು ಕಣ್ಣಿಗೇನಾಯಿತು ಅಂದಾಗ ಲೆನ್ಸಿನ ಪುಡಿ ಅಂದೆ.

ಈಗಷ್ಟೇ ಅಕ್ಕನ ಮೆಸೇಜು: “ಏನೇ ಮೊಳಕೆ, ನನ್ನ ಮಾವ ಮತ್ತೆ ನೆಲೆಯಾದ. ನಿನ್ನೋನು ಹೇಗಿದ್ದಾನೆ? ಫೈಲು ಬೇಡ, ಒಂದು ಫೋಟೊನಾದ್ರೂ ಕಳಿಸು. ಫ್ಯಾನಿನ ಕೆಳಗೆ ನಿಂತಿರೋದು.”

ಮಹಾಪ್ರಭುಗಳೇ, ತಮ್ಮ ಮುಂದೆಯೂ ಇದನ್ನು ಬಾಯಿಬಿಟ್ಟಿರಲಿಲ್ಲ. ಗ್ರೂಪಿಗೆ ಬಂದದ್ದು ಯಾರೋ ಕಳಿಸಿದ ಲಿಂಕು ಒತ್ತಿ. ಮೊದಲು ಕಣ್ಣಿಗೆ ಬಿದ್ದದ್ದು ಅಕ್ಕನ ಕಥೆ. ಮುಂದಿನ ಗುರುವಾರಕ್ಕೆ ಕಾಯಬೇಕಿತ್ತು, ಅಷ್ಟರವರೆಗೆ ಸುಮ್ಮನೆ ಕೂರಲಾಗದೆ ಬರೆಯಲು ಶುರು ಮಾಡಿದೆ. ನನ್ನ ಮಾವ ಅಂತ ಒಬ್ಬ ಇಲ್ಲವೇ ಇಲ್ಲ. ಆ ಆಟವನ್ನು ನಾನು ಒಂದು ದಿನವೂ ಆಡಿಲ್ಲ. ನಮ್ಮ ಮನೆಯಲ್ಲಿ ಕಂಪ್ಯೂಟರೇ ಇಲ್ಲ.